ಕ್ಯಾಮೆರಾದಲ್ಲಿ ಚಿತ್ರದ ಗಾತ್ರ ಎಷ್ಟಿಡಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕ್ಯಾಮೆರಾ ಕೊಂಡವರು, ಮನೆಯ ಸಮಾರಂಭಗಳಿಗೆ ತಾವೇ ಫೋಟೋ ತೆಗೆಯುವವರು, ಊರಿನ ಗುಡಿ ಮತ್ತು ಶಾಸನಗಳನ್ನು ದಾಖಲಿಸಲು ಹೊರಟವರು ಭೇಟಿಯಾದಾಗಲೂ ಪತ್ರ ಬರೆದಾಗಲೂ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಲೆಕ್ಕ ಹೇಳುವಾಗ ಒಂದೇ ಅಳತೆಗೋಲು ಇರಲೆಂದು 24 ಮೆಗಾಪಿಕ್ಸೆಲ್‌ನ ನಿಕಾನ್ ಡಿ5600 ಕ್ಯಾಮೆರಾವನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮದು ಬೇರೆ ಕಂಪನಿಯದಾಗಿದ್ದರೆ ಸಂಖ್ಯೆಗಳು ಸ್ವಲ್ಪ ಬದಲಾಗುತ್ತವೆ, ಲೆಕ್ಕದ ಕ್ರಮ ಅದೇ.

## ಮೊದಲಿಗೆ ತಿಳಿಯಬೇಕಾದದ್ದು

ಮೆನುವಿನಲ್ಲಿ ಎಲ್, ಎಂ, ಎಸ್ ಅಂತ ಮೂರು ಇದೆಯಲ್ಲ ಸಾರ್, ಅದು ಏನು?

ಲಾರ್ಜ್, ಮೀಡಿಯಂ, ಸ್ಮಾಲ್ ಎಂಬ ಮೂರು ಅಳತೆಗಳು. ಡಿಜಿಟಲ್ ಚಿತ್ರವೆಂದರೆ ಬಣ್ಣದ ಚುಕ್ಕಿಗಳನ್ನು ಸಾಲುಸಾಲಾಗಿ ಜೋಡಿಸಿದ ಒಂದು ಚೌಕಟ್ಟು. ಆ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. ನಮ್ಮ ಮಾದರಿ ಕ್ಯಾಮೆರಾದಲ್ಲಿ ಎಲ್ ಎಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಪಿಕ್ಸೆಲ್; ಗುಣಿಸಿದರೆ 2.4 ಕೋಟಿ, ಅಂದರೆ 24 ಮೆಗಾಪಿಕ್ಸೆಲ್. ಎಂ ಎಂದರೆ 4496 × 3000, ಸುಮಾರು 13.5 ಮೆಗಾಪಿಕ್ಸೆಲ್. ಎಸ್ ಎಂದರೆ 2992 × 2000, ಸುಮಾರು 6 ಮೆಗಾಪಿಕ್ಸೆಲ್. ಎಲ್‌ನಿಂದ ಎಸ್‌ಗೆ ಬಂದಾಗ ಅಡ್ಡ ಉದ್ದ ಎರಡೂ ಅರ್ಧವಾಗುವುದರಿಂದ ಒಟ್ಟು ಪಿಕ್ಸೆಲ್‌ಗಳು ಕಾಲುಭಾಗಕ್ಕೆ ಇಳಿಯುತ್ತವೆ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಎಸ್ ಇಟ್ಟರೂ ಲೆನ್ಸು ಕಾಣುವ ದೃಶ್ಯದ ವಿಸ್ತಾರ ಬದಲಾಗುವುದಿಲ್ಲ. ಅದೇ ಗೋಪುರ, ಅದೇ ಆಕಾಶ, ಅಷ್ಟೇ ಜನ ಚಿತ್ರದೊಳಗೆ ಇರುತ್ತಾರೆ. ಅವರನ್ನು ಬರೆಯಲು ಬಳಸಿದ ಚುಕ್ಕಿಗಳಷ್ಟೇ ಕಡಿಮೆಯಾಗಿರುತ್ತವೆ.

ಇಮೇಜ್ ಸೈಜ್, ಇಮೇಜ್ ಕ್ವಾಲಿಟಿ ಎರಡೂ ಒಂದೇ ತಾನೇ?

ಒಂದೇ ಅಲ್ಲ. ಸೈಜ್ ಎಂಬುದು ಚುಕ್ಕಿಗಳ ಎಣಿಕೆ. ಕ್ವಾಲಿಟಿ ಎಂಬುದು ಆ ಚುಕ್ಕಿಗಳ ಮಾಹಿತಿಯನ್ನು ಜೆಪೆಗ್ ಎಂಬ ಸಾಮಾನ್ಯ ಬಗೆಯ ಫೋಟೋ ಫೈಲ್ ಮಾಡುವಾಗ ಎಷ್ಟು ಒತ್ತಿ ತುಂಬಬೇಕು ಎಂಬ ಸೂಚನೆ. ನಿಕಾನ್‌ನಲ್ಲಿ ಫೈನ್, ನಾರ್ಮಲ್, ಬೇಸಿಕ್ ಎಂಬ ಮೂರು ಮಟ್ಟಗಳಿದ್ದು, ಅವು ಕ್ರಮವಾಗಿ ಸುಮಾರು ನಾಲ್ಕನೆಯ ಒಂದು, ಎಂಟನೆಯ ಒಂದು ಮತ್ತು ಹದಿನಾರನೆಯ ಒಂದು ಪಾಲಿಗೆ ಮಾಹಿತಿಯನ್ನು ಕುಗ್ಗಿಸುತ್ತವೆ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಡುತ್ತದೆ. ಹೆಚ್ಚು ಒತ್ತಿದಾಗ ಆ ಚೌಕಗಳೇ ಕಾಣತೊಡಗುತ್ತವೆ. ರೇಷ್ಮೆ ಸೀರೆಯ ಜರಿ ಅಂಚು ನುಣುಪಾದ ಗೋಡೆಯ ಮುಂದೆ ಬಂದಿರುವ ಒಂದು ಚಿತ್ರವನ್ನು ಬೇಸಿಕ್‌ನಲ್ಲಿ ತೆಗೆದು ಪೂರ್ತಿ ಹಿಗ್ಗಿಸಿ ನೋಡಿ. ಜರಿಯ ಸುತ್ತ ಗೋಡೆಯ ಮೇಲೆ ಕೊಳೆ ಅಂಟಿದಂತೆ ಸಣ್ಣ ಕಲೆಗಳು ಹರಡಿಕೊಂಡಿರುತ್ತವೆ.

ಇವೆರಡನ್ನು ಕೂಡಿಸಿ ಲೆಕ್ಕ ಹಾಕಿದರೆ ಒಂದು ಉಪಯುಕ್ತ ಸಂಗತಿ ತಿಳಿಯುತ್ತದೆ. 24ನ್ನು 8ರಿಂದ ಭಾಗಿಸಿದರೆ 3, 13.5ನ್ನು 4ರಿಂದ ಭಾಗಿಸಿದರೆ ಸುಮಾರು 3.4. ಅಂದರೆ ಎಲ್-ನಾರ್ಮಲ್ ಫೈಲು ಎಂ-ಫೈನ್ ಫೈಲಿಗಿಂತ ತುಸು ಚಿಕ್ಕದೇ ಆಗುತ್ತದೆ. ಜಾಗ ಉಳಿಸಲೇಬೇಕೆಂದರೆ ನಾನು ಎಲ್-ನಾರ್ಮಲ್ ಇಡುತ್ತೇನೆ. ಆದರೆ ಎಲ್-ಬೇಸಿಕ್ ಮತ್ತು ಎಸ್-ಫೈನ್ ನಡುವೆ ಆರಿಸಬೇಕಾಗಿ ಬಂದರೆ, ಎರಡೂ ಹೆಚ್ಚುಕಡಿಮೆ ಒಂದೇ ಜಾಗ ಹಿಡಿಯುವುದರಿಂದ, ಎಸ್-ಫೈನ್ ಮೇಲು. ಬೇಸಿಕ್‌ನಲ್ಲಿ ಚುಕ್ಕಿಗಳು ಹೆಸರಿಗೆ ಮಾತ್ರ ಇರುತ್ತವೆ.

ನಾವು ನೋಡುವುದೆಲ್ಲ ಮೊಬೈಲಿನಲ್ಲೇ. ಹಾಗಿದ್ದ ಮೇಲೆ ಎಲ್ ಯಾಕೆ ಬೇಕು?

ಪರದೆಯ ಮಟ್ಟಿಗೆ ನಿಮ್ಮ ಮಾತು ಸರಿ. ಫುಲ್ ಎಚ್‌ಡಿ ಪರದೆಯಲ್ಲಿ ಇರುವುದು 1920 × 1080, ಅಂದರೆ ಸುಮಾರು 2 ಮೆಗಾಪಿಕ್ಸೆಲ್. 4ಕೆ ಟಿವಿಯಲ್ಲಿ 3840 × 2160, ಸುಮಾರು 8.3 ಮೆಗಾಪಿಕ್ಸೆಲ್. ಇಡೀ ಚಿತ್ರವನ್ನು ಒಮ್ಮೆಗೇ ನೋಡುವಾಗ ಎಲ್ ಮತ್ತು ಎಸ್ ನಡುವಿನ ವ್ಯತ್ಯಾಸ ಮೊಬೈಲಿನಲ್ಲಿ ಕಾಣಿಸುವುದಿಲ್ಲ.

ಆದರೆ ಫೋಟೋ ಮುಂದೆ ಯಾವ ಕೆಲಸಕ್ಕೆ ಬೇಕಾಗುತ್ತದೆ ಎಂಬುದು ತೆಗೆಯುವ ದಿನ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಒಂದು ವರ್ಷ ದೀಪಾವಳಿಗೆ ವಾರ ಮುಂಚೆ ಹಳೆಯ ಜಮೀನು ಪತ್ರಗಳ ಪುಟಗಳನ್ನು ಇಮೇಲ್ ಮಾಡುವುದಕ್ಕೆಂದು ಕ್ಯಾಮೆರಾವನ್ನು ಎಸ್-ಬೇಸಿಕ್‌ಗೆ ಇಳಿಸಿದ್ದೆ. ಮರಳಿ ಏರಿಸಲು ಮರೆತಿದ್ದೆ. ದೀಪಾವಳಿಯ ಸಂಜೆ ಜಗಲಿಯ ಮೇಲೆ ಅಜ್ಜಿಯನ್ನು ನಡುವೆ ಕೂರಿಸಿ ಐದು ಜನರ ಒಂದು ಫೋಟೋ ತೆಗೆದೆ. ಅಜ್ಜಿ ಅಂದು ಯಾವುದೋ ಮಾತಿಗೆ ಬಾಯಿ ತುಂಬ ನಕ್ಕಿದ್ದರು. ಮುಂದಿನ ಯುಗಾದಿಗೆ ಅವರು ಇರಲಿಲ್ಲ. ಗೋಡೆಗೆ ಹಾಕಲು ಆ ನಗುಮುಖವೇ ಬೇಕೆಂದು ಮನೆಯವರೆಲ್ಲ ಕೇಳಿದರು. ಫೈಲು ತೆರೆದು ಅಳೆದು ನೋಡಿದರೆ ಮುಖದ ಅಗಲ 240 ಪಿಕ್ಸೆಲ್. ಚೌಕಟ್ಟಿನ ಫೋಟೋದಲ್ಲಿ ಮುಖ ಮೂರು ಅಂಗುಲ ಅಗಲ ಬರಬೇಕೆಂದರೆ ಅಂಗುಲಕ್ಕೆ 80 ಪಿಕ್ಸೆಲ್ ಮಾತ್ರ ಸಿಗುತ್ತಿತ್ತು. ಎಲ್‌ನಲ್ಲಿ ತೆಗೆದಿದ್ದರೆ 480 ಪಿಕ್ಸೆಲ್, ಅಂಗುಲಕ್ಕೆ 160. ಗೋಡೆಯ ಮೇಲಿನ ಫೋಟೋಗೆ ಅದು ಸಾಕಾಗುತ್ತಿತ್ತು.

ಗುಂಪಿನ ಫೋಟೋದಿಂದ ಒಬ್ಬರ ಮುಖವನ್ನು ಬಿಡಿಸಿಕೊಳ್ಳುವ ಸಂದರ್ಭ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ನಾನು ಎಲ್ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ. ದೊಡ್ಡದನ್ನು ಯಾವಾಗ ಬೇಕಾದರೂ ಚಿಕ್ಕದು ಮಾಡಬಹುದು.

ಕಾರ್ಡ್ ಬೇಗ ತುಂಬಿಹೋಗುತ್ತೆ, ಅದಕ್ಕೇ ಎಸ್ ಇಟ್ಟಿದ್ದೇನೆ. ತಪ್ಪೇ?

ಎಲ್-ಫೈನ್ ಚಿತ್ರವೊಂದು ಸುಮಾರು 12 ಎಂಬಿ ಎಂದು ಹಿಡಿದರೂ 64 ಜಿಬಿ ಕಾರ್ಡಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳು ಹಿಡಿಸುತ್ತವೆ. ಅದಕ್ಕಿಂತ ಬಹಳ ಮೊದಲೇ ಬ್ಯಾಟರಿ ಮುಗಿದಿರುತ್ತದೆ. ಕಾರ್ಡು ಬೇಗ ತುಂಬುತ್ತಿದೆ ಎನ್ನುವವರ ಕಾರ್ಡಿನಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಮೂರು ಪ್ರವಾಸಗಳ ಚಿತ್ರಗಳು ಹಾಗೇ ಉಳಿದಿರುತ್ತವೆ. ಅವನ್ನು ಕಂಪ್ಯೂಟರಿಗೂ ಇನ್ನೊಂದು ಹಾರ್ಡ್ ಡಿಸ್ಕಿಗೂ ಇಳಿಸಿ, ಎರಡೂ ಕಡೆ ತೆರೆದು ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ.

ಒಂದೇ ಸೆಟ್ಟಿಂಗ್ ಇದ್ದರೂ ಎಲ್ಲ ಫೈಲುಗಳೂ ಒಂದೇ ತೂಕ ಇರುವುದಿಲ್ಲ. ಬರಿಯ ಆಕಾಶದ ಚಿತ್ರ ಹಗುರ. ಗರಿಗಳೂ ಹಿಂಗಾರವೂ ತುಂಬಿದ ಅಡಿಕೆ ತೋಟದ ಚಿತ್ರ ಅದರ ಎರಡು ಪಟ್ಟು ಭಾರವಾದರೂ ಆಶ್ಚರ್ಯವಿಲ್ಲ. ಪರದೆಯ ಮೂಲೆಯಲ್ಲಿ ಕ್ಯಾಮೆರಾ ತೋರಿಸುವ ಉಳಿಕೆ ಚಿತ್ರಗಳ ಸಂಖ್ಯೆ ಬರಿಯ ಅಂದಾಜು.

ಹಾಗಾದರೆ ಎಸ್ ಇಡುವ ಸಂದರ್ಭವೇ ಇಲ್ಲವೇ?

ಇದೆ. ಸಾವಿರಾರು ಬಿಡಿಭಾಗಗಳ ಪಟ್ಟಿಗೆ ಒಂದೊಂದು ಚಿತ್ರ ಬೇಕು ಎನ್ನುವ ಗೋದಾಮಿನ ಕೆಲಸ, ಅಳತೆ ಮೊದಲೇ ಗೊತ್ತಿರುವ ಗುರುತಿನ ಚೀಟಿಯ ಫೋಟೋ, ಸ್ಥಳದಿಂದಲೇ ಪತ್ರಿಕೆಗೆ ಕಳುಹಿಸಬೇಕಾದ ಸುದ್ದಿಚಿತ್ರ ಇಂಥವಕ್ಕೆ ಎಸ್-ಫೈನ್ ಅನುಕೂಲ. ಕೆಲಸ ಮುಗಿದ ಕೂಡಲೇ ಎಲ್‌ಗೆ ಮರಳಿಸುವ ಅಭ್ಯಾಸ ಇರಲೇಬೇಕು. ನಾನು ಈಗ ಬ್ಯಾಗಿಗೆ ಕ್ಯಾಮೆರಾ ಇಡುವ ಮುನ್ನ ಮೆನು ನೋಡಿಯೇ ಇಡುತ್ತೇನೆ.

## ಪ್ರಿಂಟ್, ಅರ್ಜಿ, ಹಂಚಿಕೆ

ಯಾವ ಸೈಜಿನಿಂದ ಎಷ್ಟು ದೊಡ್ಡ ಪ್ರಿಂಟ್ ಹಾಕಿಸಬಹುದು?

ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಅಂಗುಲಕ್ಕೆ 300 ಪಿಕ್ಸೆಲ್ ಎಂಬುದು ರೂಢಿ. ಇದರ ಹಿಂದೆ ಕಣ್ಣಿನ ಲೆಕ್ಕವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲದು; 30 ಸೆಂಟಿಮೀಟರ್ ದೂರದಲ್ಲಿ ಅದು ಅಂಗುಲಕ್ಕೆ ಸುಮಾರು 290 ಚುಕ್ಕಿ ಎಂದಾಗುತ್ತದೆ. ದೂರ ಹತ್ತು ಪಟ್ಟಾದರೆ ಬೇಕಾದ ಚುಕ್ಕಿಗಳು ಹತ್ತನೆಯ ಒಂದು ಪಾಲಿಗೆ ಇಳಿಯುತ್ತವೆ. ಮೂರು ಮೀಟರ್ ದೂರದಿಂದ ನೋಡುವ ಫ್ಲೆಕ್ಸಿಗೆ ಅಂಗುಲಕ್ಕೆ 30 ಪಿಕ್ಸೆಲ್ ಇದ್ದರೂ ನಡೆಯುತ್ತದೆ. ಊರಬಾಗಿಲಿನ ದೊಡ್ಡ ಫ್ಲೆಕ್ಸಿಗೆ ಹಳೆಯ ಕ್ಯಾಮೆರಾದ ಚಿತ್ರವೂ ಸಾಲುವುದು ಈ ಕಾರಣಕ್ಕೆ.

300ರ ಲೆಕ್ಕದಲ್ಲಿ ಎಲ್‌ನಿಂದ 20 × 13 ಅಂಗುಲ, ಎಂನಿಂದ 15 × 10, ಎಸ್‌ನಿಂದ ಸುಮಾರು 10 × 6.7 ಅಂಗುಲದ ಪ್ರಿಂಟು ಬರುತ್ತದೆ. ಆಲ್ಬಮ್ಮಿನ ಸಾಮಾನ್ಯ 4 × 6ಕ್ಕೆ 1800 × 1200 ಪಿಕ್ಸೆಲ್ ಸಾಕು. ಎಸ್ ಅದಕ್ಕೆ ಧಾರಾಳವಾಯಿತು. ಮದುವೆಯ ಕರಿಜ್ಮಾ ಆಲ್ಬಮ್ಮಿನ ವಿಷಯ ಬೇರೆ. ಅಲ್ಲಿ ಎರಡು ಪುಟ ಬಿಚ್ಚಿದಾಗ 12 × 36 ಅಂಗುಲ ಇರುವುದು ಸಾಮಾನ್ಯ. ಒಂದು ಪುಟಕ್ಕೆ, ಅಂದರೆ 12 × 18ಕ್ಕೆ, 5400 × 3600 ಪಿಕ್ಸೆಲ್ ಬೇಕು. ಎಲ್ ಅದನ್ನು ಪೂರೈಸುತ್ತದೆ, ಎಂ ಅಂಗುಲಕ್ಕೆ 250ರಷ್ಟು ಕೊಡುತ್ತದೆ. ಧಾರೆಯ ಒಂದೇ ಚಿತ್ರವನ್ನು ಎರಡೂ ಪುಟಗಳಿಗೆ ಹರಡಬೇಕೆಂದರೆ ಮೇಲೆ ಕೆಳಗೆ ಕತ್ತರಿಸಿ 6000 × 2000 ಮಾತ್ರ ಉಳಿಯುವುದರಿಂದ ಎಲ್‌ನಲ್ಲೂ ಅಂಗುಲಕ್ಕೆ 167ಕ್ಕೆ ಬಂದು ನಿಲ್ಲುತ್ತೀರಿ. ಮದುವೆಗೆ ಎಲ್‌ಗಿಂತ ಕೆಳಗೆ ಇಳಿಯಲೇಬಾರದು ಎಂದು ನಾನು ಖಡಾಖಂಡಿತವಾಗಿ ಹೇಳುವುದು ಈ ಅಗಲ ಪುಟಗಳನ್ನು ನೆನೆದು.

ಫೋಟೋ 72 ಡಿಪಿಐ ಇದೆ, 300 ಮಾಡಿಕೊಂಡು ಬನ್ನಿ ಅಂದರು. ಕ್ಯಾಮೆರಾದಲ್ಲಿ ಎಲ್ಲಿ ಬದಲಿಸಬೇಕು?

ಎಲ್ಲಿಯೂ ಬದಲಿಸಬೇಕಾಗಿಲ್ಲ. ಡಿಪಿಐ ಎಂದರೆ ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕ. ಫೈಲಿನೊಳಗೆ ಬರೆದಿರುವ 72 ಅಥವಾ 300 ಎಂಬ ಸಂಖ್ಯೆ ಒಂದು ಚೀಟಿಯಂತೆ. ಎಷ್ಟು ಅಂಗುಲದ ಹಾಳೆಗೆ ಮುದ್ರಿಸುತ್ತೀರಿ ಎಂಬುದು ನಿಶ್ಚಯವಾಗುವವರೆಗೆ ಅದಕ್ಕೆ ಅರ್ಥವಿಲ್ಲ. 6000 × 4000 ಪಿಕ್ಸೆಲ್‌ಗಳ ಫೈಲಿನಲ್ಲಿ 72 ಎಂದಿದ್ದರೂ 300 ಎಂದಿದ್ದರೂ 12 × 18ರ ಪ್ರಿಂಟು ಒಂದೇ ಥರ ಬರುತ್ತದೆ. ಫೋಟೋಶಾಪಿನಲ್ಲಿ ಆ ಸಂಖ್ಯೆ ಬದಲಿಸುವಾಗ ರೀಸ್ಯಾಂಪಲ್ ಎಂಬ ಗುರುತನ್ನು ತೆಗೆದುಬಿಡಿ, ಇಲ್ಲದಿದ್ದರೆ ತಂತ್ರಾಂಶ ಇಲ್ಲದ ಪಿಕ್ಸೆಲ್‌ಗಳನ್ನು ಸೇರಿಸಿ ಫೈಲನ್ನು ಸುಮ್ಮನೆ ಹಿಗ್ಗಿಸುತ್ತದೆ.

ಆನ್‌ಲೈನ್ ಅರ್ಜಿಗೆ 50 ಕೆಬಿ ಒಳಗಿನ ಫೋಟೋ ಕೇಳುತ್ತಾರೆ. ಎಸ್‌ನಲ್ಲಿ ತೆಗೆದರೂ ಎಂಬಿಗಟ್ಟಲೆ ಬರುತ್ತಲ್ಲ?

ಆ ಕೆಲಸ ಕ್ಯಾಮೆರಾದ ಮೆನುವಿನಿಂದ ಆಗುವುದಿಲ್ಲ. ಬ್ಯಾಂಕ್ ನೇಮಕಾತಿಯ ಅರ್ಜಿಗಳಲ್ಲಿ 200 × 230 ಪಿಕ್ಸೆಲ್, 20ರಿಂದ 50 ಕೆಬಿ ಎಂಬಂಥ ಸೂಚನೆ ಇರುತ್ತದೆ. ಎಸ್‌ನ 6 ಮೆಗಾಪಿಕ್ಸೆಲ್ ಕೂಡ ಅದರ ನೂರಕ್ಕೂ ಹೆಚ್ಚು ಪಟ್ಟು. ಎಲ್‌ನಲ್ಲೇ ತೆಗೆಯಿರಿ. ಕಂಪ್ಯೂಟರಿನಲ್ಲಿ ಮೊದಲು ಮುಖ ಮತ್ತು ಭುಜ ಬರುವಂತೆ ಕ್ರಾಪ್ ಮಾಡಿ, ನಂತರ ಪಿಕ್ಸೆಲ್ ಅಳತೆಗೆ ಇಳಿಸಿ, ಕೊನೆಯಲ್ಲಿ ಜೆಪೆಗ್ ಗುಣಮಟ್ಟವನ್ನು ಕೇಳಿದ ಕೆಬಿಗೆ ಹೊಂದಿಸಿ. ಈ ಕ್ರಮ ತಪ್ಪಿಸಿ ಮೊದಲೇ ಗುಣಮಟ್ಟ ಇಳಿಸಿದವರ ಮುಖ ಗುರುತು ಸಿಗದಷ್ಟು ಮಸುಕಾಗಿ, ಅರ್ಜಿಯೇ ತಿರಸ್ಕೃತವಾಗುವ ಸಾಧ್ಯತೆ ಇದೆ. ಪಾಸ್‌ಪೋರ್ಟ್ ಅಳತೆಯ ಪ್ರಿಂಟ್ ಬೇಕಿದ್ದರೆ 35 × 45 ಮಿಲಿಮೀಟರ್‌ಗೆ 413 × 531 ಪಿಕ್ಸೆಲ್ ಇಟ್ಟುಕೊಳ್ಳಿ.

ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಫೋಟೋ ಕೆಡುತ್ತೆ ಅನ್ನುತ್ತಾರೆ, ನಿಜವೇ?

ನಿಜ. ಫೋಟೋ ಎಂದು ಆರಿಸಿ ಕಳುಹಿಸಿದಾಗ ಅದು ಪಿಕ್ಸೆಲ್‌ಗಳನ್ನೂ ಕಡಿಮೆ ಮಾಡಿ, ಮತ್ತೊಮ್ಮೆ ಜೆಪೆಗ್ ಆಗಿ ಒತ್ತುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಮೂಲ ಫೈಲು ಹಾಗೆಯೇ ತಲಪುತ್ತದೆ. ಪ್ರಿಂಟಿಗೆ ಕೊಡುವ ಚಿತ್ರವನ್ನು ಡಾಕ್ಯುಮೆಂಟ್ ಆಗಿಯೇ ಕಳುಹಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ.

3:2, 4:3, 16:9 ಇವುಗಳಲ್ಲಿ ಯಾವುದು ಇಡಲಿ?

ಇವು ಚಿತ್ರದ ಅಗಲ ಮತ್ತು ಎತ್ತರಗಳ ಅನುಪಾತ. ಸೆನ್ಸರ್, ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಫಲಕ, ಹುಟ್ಟಿನಿಂದ ಯಾವ ಆಕಾರದ್ದೋ ಅದನ್ನೇ ಇಡಿ. 3:2 ಎಂಬುದು 36 × 24 ಮಿಲಿಮೀಟರ್ ಫಿಲಂ ಚೌಕಟ್ಟಿನ ಆಕಾರ. 1925ರಲ್ಲಿ ಬಂದ ಲೈಕಾ ಕ್ಯಾಮೆರಾದಿಂದ ಜನಪ್ರಿಯವಾಗಿ ಇಂದಿನ ಬಹುಪಾಲು ಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಿಗೆ ಬಂದಿದೆ. ಮೊಬೈಲುಗಳದ್ದು ಸಾಮಾನ್ಯವಾಗಿ 4:3. ಅಂಥ ಆಯ್ಕೆ ಇರುವ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 16:9 ಇಟ್ಟರೆ 6000 × 4000ದ ಮೇಲಿನ ಮತ್ತು ಕೆಳಗಿನ ಒಟ್ಟು 625 ಸಾಲುಗಳು ಹೋಗಿ 6000 × 3375 ಉಳಿಯುತ್ತದೆ. ಟಿವಿ ತುಂಬ ಚಿತ್ರ ಬೇಕಾದವರು ಆ ಕತ್ತರಿಯನ್ನು ಆಮೇಲೂ ಆಡಿಸಬಹುದು.

ಪ್ರಿಂಟಿನ ಆಕಾರವನ್ನೂ ತೆಗೆಯುವಾಗಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. 8 × 10ರ ಪ್ರಿಂಟಿಗೆ 6000ದಲ್ಲಿ 5000 ಮಾತ್ರ ಬಳಕೆಯಾಗುತ್ತದೆ. ಅಗಲದ ಆರನೆಯ ಒಂದು ಭಾಗ ಕತ್ತರಿಗೆ ಹೋಗುತ್ತದೆ. ಸಾಲಾಗಿ ನಿಂತ ನೆಂಟರಲ್ಲಿ ಎರಡೂ ತುದಿಯವರು, ಹೆಚ್ಚಾಗಿ ಬೀಗರ ಕಡೆಯವರು, ಅರ್ಧ ಮುಖದಲ್ಲಿ ಉಳಿಯುವುದು ಹೀಗೆ. ಗುಂಪಿನ ಫೋಟೋಗೆ ಇಕ್ಕೆಲಗಳಲ್ಲಿ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ತೆಗೆಯಿರಿ.

## ಇನ್ನಷ್ಟು ಆಳಕ್ಕೆ

ರಾ ಇಟ್ಟ ಕೂಡಲೇ ಇಮೇಜ್ ಸೈಜ್ ಆಯ್ಕೆ ಮಂಕಾಗುತ್ತದೆ. ಕ್ಯಾಮೆರಾ ಕೆಟ್ಟಿದೆಯೇ?

ಕೆಟ್ಟಿಲ್ಲ. ರಾ ಫೈಲೆಂದರೆ ಸೆನ್ಸರ್ ಕಂಡದ್ದನ್ನು ಬಣ್ಣ ಕೂಡಿಸುವ ಮುಂಚೆಯೇ ಬರೆದಿಟ್ಟ ದಾಖಲೆ. ಸೆನ್ಸರಿನ ಪ್ರತಿ ಪಿಕ್ಸೆಲ್ ಮೇಲೆ ಹಸಿರು, ಕೆಂಪು, ನೀಲಿ ಇವುಗಳಲ್ಲಿ ಒಂದೇ ಬಣ್ಣದ ಸೋಸುಗಾಜು ಇರುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ಈ ಜೋಡಣೆಯಂತೆ 24 ಮೆಗಾಪಿಕ್ಸೆಲ್‌ಗಳಲ್ಲಿ 12 ಹಸಿರು, 6 ಕೆಂಪು, 6 ನೀಲಿ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದವರಿಂದ ಊಹಿಸಿ ತುಂಬುವುದು ಆಮೇಲಿನ ಕೆಲಸ. ಆ ಕೆಲಸವೇ ಆಗದಿರುವಾಗ ಗಾತ್ರ ಇಳಿಸುವ ಪ್ರಶ್ನೆಯೂ ಬರುವುದಿಲ್ಲ. ಕೆಲವು ಕ್ಯಾಮೆರಾಗಳಲ್ಲಿರುವ ಚಿಕ್ಕ ರಾ ಆಯ್ಕೆ ಇದಕ್ಕೆ ಅಪವಾದ. ಅದು ಭಾಗಶಃ ಬೇಯಿಸಿದ ಅಡಿಗೆ ಎನ್ನಬಹುದು.

ರಾ ಜೊತೆ ಜೆಪೆಗ್ ಎಂದು ಇಟ್ಟಾಗ ಗಾತ್ರದ ಆಯ್ಕೆ ಜೆಪೆಗ್‌ಗೆ ಮಾತ್ರ ಅನ್ವಯಿಸುತ್ತದೆ. ಎಸ್ ಅನ್ನು ನಿಶ್ಚಿಂತೆಯಿಂದ ಇಡಬಹುದಾದ ಜಾಗ ಇದು: ಮೂಲ ರಾದಲ್ಲಿ ಭದ್ರವಾಗಿರುತ್ತದೆ, ಅಂದೇ ಹಂಚಲು ಹಗುರವಾದ ಜೆಪೆಗ್ ಕೈಯಲ್ಲಿರುತ್ತದೆ.

ಎಸ್ ಇಟ್ಟರೆ ರಾತ್ರಿಯ ಫೋಟೋದಲ್ಲಿ ನಾಯ್ಸ್ ಕಡಿಮೆ ಬರುತ್ತದೆ ಎಂದು ಕೇಳಿದ್ದೇನೆ. ಹೌದೇ?

ನಾಯ್ಸ್ ಎಂದರೆ ಬೆಳಕು ಕಡಿಮೆಯಿದ್ದಾಗ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಣುವ ಕಾಳುಗಳು. ಅದು ಕಡಿಮೆಯಾದಂತೆ ಕಣ್ಣಿಗೆ ಕಾಣುವುದು ಹೌದು, ಲಾಭ ಇಲ್ಲ. ನಾಲ್ಕು ಪಿಕ್ಸೆಲ್‌ಗಳ ಸರಾಸರಿ ತೆಗೆದು ಒಂದು ಮಾಡಿದಾಗ ಎರ್ರಾಬಿರ್ರಿ ಕಾಳುಗಳು ಪರಸ್ಪರ ಕಳೆದುಹೋಗಿ ನಾಯ್ಸ್ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಕ್ಯಾಮೆರಾ ಆ ಸರಾಸರಿಯನ್ನು ಬೆಳಕು ಹಿಡಿದಾದ ಮೇಲೆ ಮಾಡುತ್ತದೆ. ಎಸ್ ಇಟ್ಟದ್ದರಿಂದ ಸೆನ್ಸರಿಗೆ ಒಂದು ಹನಿ ಬೆಳಕೂ ಹೆಚ್ಚಿಗೆ ಬಿದ್ದಿರುವುದಿಲ್ಲ. ಎಲ್‌ನಲ್ಲಿ ತೆಗೆದು ಮನೆಯಲ್ಲಿ ಚಿಕ್ಕದು ಮಾಡಿದರೂ ಅದೇ ಫಲ ಸಿಗುತ್ತದೆ. ಲಕ್ಷದೀಪೋತ್ಸವದಂಥ ಕಡೆ ನಾಯ್ಸ್ ಕಡಿಮೆಯಾಗಬೇಕೆಂದರೆ ದೊಡ್ಡ ಅಪರ್ಚರಿನ (ಬೆಳಕು ಒಳಬರುವ ಕಿಂಡಿ ಅಗಲವಾಗಿರುವ) ಲೆನ್ಸು ಅಥವಾ ಟ್ರೈಪಾಡ್ ಇವೆರಡೇ ಸರಿಯಾದ ದಾರಿ.

ಕಬಿನಿಯಲ್ಲಿ ಹುಲಿ ದಾಟುವಾಗ ಕ್ಯಾಮೆರಾ ಮಧ್ಯದಲ್ಲೇ ನಿಂತುಬಿಟ್ಟಿತು. ಸೈಜ್ ಇಳಿಸಿದ್ದರೆ ಸಿಗುತ್ತಿತ್ತೇ?

ಸಿಗುತ್ತಿತ್ತು, ಆದರೆ ನಾನು ಮೊದಲು ಕಾರ್ಡನ್ನು ನೋಡುತ್ತೇನೆ. ಸರಣಿಯಾಗಿ ತೆಗೆದ ಚಿತ್ರಗಳು ಬಫರಿನಲ್ಲಿ, ಅಂದರೆ ಕ್ಯಾಮೆರಾದೊಳಗಿನ ತಾತ್ಕಾಲಿಕ ನೆನಪಿನಲ್ಲಿ, ನಿಂತು, ಒಂದೊಂದಾಗಿ ಕಾರ್ಡಿಗೆ ಇಳಿಯುತ್ತವೆ. ಸೆಕೆಂಡಿಗೆ 10 ಚಿತ್ರ, ತಲಾ 12 ಎಂಬಿ ಎಂದರೆ 120 ಎಂಬಿ ಒಳಗೆ ಬರುತ್ತಿರುತ್ತದೆ. ಕಾರ್ಡು 30 ಎಂಬಿಯನ್ನಷ್ಟೇ ನುಂಗಬಲ್ಲದಾದರೆ ಬಫರು ತುಂಬಿ ಕ್ಯಾಮೆರಾ ನಿಲ್ಲುತ್ತದೆ. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವೇಗ ಸಾಮಾನ್ಯವಾಗಿ ಓದುವ ವೇಗ. ಬರೆಯುವ ವೇಗಕ್ಕೆ ವಿ30, ವಿ60 ಎಂಬ ಗುರುತು ನೋಡಬೇಕು. ವಿ30 ಎಂದರೆ ಸತತವಾಗಿ ಕನಿಷ್ಠ 30 ಎಂಬಿ. ರಾದಿಂದ ಎಲ್-ಫೈನ್ ಜೆಪೆಗ್‌ಗೆ ಬಂದರೂ ಸರಣಿ ಉದ್ದವಾಗುತ್ತದೆ.

ಫುಲ್‌ಫ್ರೇಮ್ ಕ್ಯಾಮೆರಾ (ಸೆನ್ಸರ್ 36 × 24 ಮಿಲಿಮೀಟರ್ ಇರುವಂಥದ್ದು) ಇರುವವರಿಗೆ ಇನ್ನೊಂದು ದಾರಿ ಇದೆ. ನಿಕಾನ್ ಡಿ850ರಲ್ಲಿ 8256 × 5504 ಪಿಕ್ಸೆಲ್‌ಗಳ ಚಿತ್ರವನ್ನು ಸೆನ್ಸರಿನ ನಡುವಿನ ಭಾಗವನ್ನಷ್ಟೇ ಬಳಸುವ ಡಿಎಕ್ಸ್ ಕ್ರಾಪಿಗೆ ಬದಲಿಸಿದರೆ 5408 × 3600 ಆಗುತ್ತದೆ. ಎಸ್ ಇಟ್ಟಾಗ ಇಡೀ ಚಿತ್ರದ ಸೂಕ್ಷ್ಮ ವಿವರ ತೆಳುವಾಗುತ್ತದೆ. ಕ್ರಾಪಿನಲ್ಲಿ ಅಂಚಿನ ಪೊದೆಗಳಷ್ಟೇ ಹೋಗಿ ನಡುವಿನ ಹುಲಿಯ ಮೈಮೇಲಿನ ಪಿಕ್ಸೆಲ್ ಒಂದೂ ಕಡಿಮೆಯಾಗುವುದಿಲ್ಲ. ದೂರದ ಪ್ರಾಣಿಗೆ ಇದು ಬಹಳ ಒಳ್ಳೆಯ ಉಪಾಯ.

ನನ್ನ ಮೊಬೈಲ್ 108 ಮೆಗಾಪಿಕ್ಸೆಲ್. 24ರ ಕ್ಯಾಮೆರಾ ಯಾಕೆ ಬೇಕು?

ಅಂಥ ಮೊಬೈಲುಗಳು ಮೊದಲೇ ಹೊಂದಿಸಿಟ್ಟಂತೆ ಒಂಬತ್ತು ಪಿಕ್ಸೆಲ್‌ಗಳನ್ನು ಒಂದುಗೂಡಿಸಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. 50 ಮೆಗಾಪಿಕ್ಸೆಲ್‌ನವು ನಾಲ್ಕನ್ನು ಒಂದುಗೂಡಿಸಿ 12.5 ಕೊಡುತ್ತವೆ. ಆ ಒಂಬತ್ತೂ ಪಿಕ್ಸೆಲ್‌ಗಳ ಮೇಲೆ ಒಂದೇ ಬಣ್ಣದ ಸೋಸುಗಾಜು ಇರುವುದರಿಂದ ಪೂರ್ತಿ 108 ಇಟ್ಟರೂ ಬಣ್ಣದ ವಿವರ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಳ್ಳೆಯ ಬಿಸಿಲಿನಲ್ಲಿ, ಅಲುಗಾಡದ ದೃಶ್ಯಕ್ಕೆ ಪೂರ್ತಿ ಅಳತೆ ಬಳಸಿ ನೋಡಬಹುದು. ಮಿಕ್ಕಂತೆ 12ರಲ್ಲೇ ಇರಲಿ. ಕ್ಯಾಮೆರಾದ ಮೇಲುಗೈ ಇರುವುದು ಸೆನ್ಸರಿನ ವಿಸ್ತೀರ್ಣದಲ್ಲಿ ಮತ್ತು ಲೆನ್ಸಿನಲ್ಲಿ.

ಎಸ್‌ನಲ್ಲಿ ತೆಗೆದಾಗಿದೆ. ಈಗ ಎಐ ತಂತ್ರಾಂಶದಿಂದ ದೊಡ್ಡದು ಮಾಡಿಸಬಹುದಲ್ಲವೇ?

ಬೆಟ್ಟ, ಹೊಳೆ, ಹೂವಿನ ಚಿತ್ರವಾದರೆ ಮಾಡಿಸಿ, ಚೆನ್ನಾಗಿಯೇ ಬರುತ್ತದೆ. ಆದರೆ ಆ ತಂತ್ರಾಂಶ ಕಳೆದುಹೋದ ವಿವರವನ್ನು ಮರಳಿ ತರುವುದಿಲ್ಲ. ತಾನು ಕಲಿತ ಅಸಂಖ್ಯ ಚಿತ್ರಗಳ ಆಧಾರದ ಮೇಲೆ ಅಲ್ಲಿ ಏನಿರಬಹುದೆಂದು ಊಹಿಸಿ ಬರೆಯುತ್ತದೆ. ಶಾಸನದ ಚಿತ್ರಕ್ಕೆ ಇದನ್ನು ಬಳಸಲೇಬೇಡಿ. ಸವೆದ ಕಲ್ಲಿನ ಮೇಲೆ ಒಂದು ಗೀರನ್ನು ಅದು ತಿದ್ದಿ ಜೋಡಿಸಿದರೆ ವಕಾರ ಪಕಾರವಾಗಿಬಿಡಬಹುದು, ಓದುವವರಿಗೆ ಅದು ತಿದ್ದಿದ್ದು ಎಂದು ತಿಳಿಯುವುದೂ ಇಲ್ಲ. ಶಾಸನವನ್ನು ಎಲ್-ಫೈನ್ ಅಥವಾ ರಾದಲ್ಲಿ, ಬೆಳಗಿನ ಓರೆ ಬಿಸಿಲಿನಲ್ಲಿ, ನಾಲ್ಕೈದು ಸಾಲುಗಳಿಗೆ ಒಂದರಂತೆ ತುಂಡುತುಂಡಾಗಿ ತೆಗೆಯಿರಿ. ಒಂದೇ ಚಿತ್ರದಲ್ಲಿ ಇಡೀ ಕಲ್ಲನ್ನು ಹಿಡಿದಾಗ ಸಿಗುವುದಕ್ಕಿಂತ ಹಲವು ಪಟ್ಟು ಪಿಕ್ಸೆಲ್‌ಗಳು ಪ್ರತಿ ಅಕ್ಷರಕ್ಕೂ ಸಿಗುತ್ತವೆ.

ಮುಖಗಳ ವಿಷಯದಲ್ಲೂ ನನಗೆ ಇದೇ ಅನುಭವ. ಅಜ್ಜಿಯ ಆ ಫೋಟೋವನ್ನು ಇಂಥದೊಂದು ತಂತ್ರಾಂಶಕ್ಕೆ ಕೊಟ್ಟಿದ್ದೆ. ಕಣ್ಣುಗಳು ಹೊಳೆಯುತ್ತಿದ್ದವು, ಚರ್ಮ ನುಣುಪಾಗಿತ್ತು. ಅಮ್ಮ ಅದನ್ನು ಬಹಳ ಹೊತ್ತು ನೋಡಿ, ಗಲ್ಲದ ಹಚ್ಚೆ ಎಲ್ಲಿ ಎಂದು ಕೇಳಿದರು. ಮೂಲದಲ್ಲಿ ಅದು ಏಳೆಂಟು ಪಿಕ್ಸೆಲ್‌ಗಳ ಹಸಿರು ಚುಕ್ಕೆ. ತಂತ್ರಾಂಶ ಅದನ್ನು ಕಲೆಯೆಂದು ಎಣಿಸಿ ಒರೆಸಿಹಾಕಿತ್ತು. ಆ ಪ್ರತಿಯನ್ನು ಅಳಿಸಿ, ಮೂಲವನ್ನೇ ಮುಖ ಒಂದೂವರೆ ಅಂಗುಲ ಬರುವಂತೆ 5 × 7ರಲ್ಲಿ ಪ್ರಿಂಟ್ ಹಾಕಿಸಿ, ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು ದೊಡ್ಡ ಚೌಕಟ್ಟಿಗೆ ಕೂರಿಸಿದೆವು. ಹತ್ತಿರ ಹೋಗಿ ನಿಂತರೆ ಹಚ್ಚೆ ಕಾಣುತ್ತದೆ.